ಲ್ಯಾಬಿನ ಹೆಸರಿನಲ್ಲಿ ಬಂದ ಮೇಲ್

ಅಂಬರೀನಳ ಮದುವೆ ಮುರಿದದ್ದು ಒಂದು ಇ-ಮೇಲ್‌ನಿಂದ. ಗೌರಿಬಿದನೂರಿನ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಅವಳು ಟೆಕ್ನಿಷಿಯನ್. ಆ ಲ್ಯಾಬಿನ ವಿಳಾಸದಿಂದಲೇ, ಅವಳನ್ನು ಮದುವೆಯಾಗಬೇಕಿದ್ದ ಅರ್ಬಾಜ್‌ನಿಗೆ ಅವಳ ಹೆಸರಿನ ರಿಪೋರ್ಟ್ ಬಂದಿತ್ತು: ಎಚ್‌ಐವಿ ಪಾಸಿಟಿವ್. ಲ್ಯಾಬಿನ ಗುರುತು, ಡಾಕ್ಟರ ಸಹಿ ಎಲ್ಲವೂ ಇದ್ದಂತೆಯೇ ಇದ್ದವು.

ಅರ್ಬಾಜ್‌ನ ತಂದೆ ಜಿಯಾವುಲ್ಲಾ ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯಾಪಾರಿ. ಕೂಗಾಡುವ ಜನವಲ್ಲ. ಸದ್ಯಕ್ಕೆ ಮದುವೆ ಬೇಡವೆಂದು ಹಿರಿಯರೊಬ್ಬರ ಕೈಲಿ ಹೇಳಿ ಕಳಿಸಿದರು. ಕಾರಣ ಕೇಳಿದ ಅಂಬರೀನಳಿಗೆ ಅರ್ಬಾಜ್ ಆ ಮೇಲ್ ಕಳಿಸಿದ, ಮಾತಾಡಲಿಲ್ಲ. ಅವಳು ಅಂಥ ಪರೀಕ್ಷೆಯನ್ನೇ ಮಾಡಿಸಿಕೊಂಡಿರಲಿಲ್ಲ. ಬೇರೆ ಊರಿಗೆ ಹೋಗಿ ರಕ್ತ ಕೊಟ್ಟು, ನೆಗೆಟಿವ್ ಎಂಬ ರಿಪೋರ್ಟ್ ತಂದು ಕಳಿಸಿದಳು. ರಿಪೋರ್ಟ್ ಮಾಡುವುದೇ ಆ ಹುಡುಗಿಯ ಕೆಲಸ, ತನಗೆ ಬೇಕಾದ್ದನ್ನು ಮಾಡಿಕೊಳ್ಳುವುದು ಅವಳಿಗೇನು ಕಷ್ಟ ಎಂದು ಆ ಮನೆಯಲ್ಲಿ ಮಾತಾಡಿಕೊಂಡರಂತೆ.

ಲ್ಯಾಬಿನ ಮಾಲೀಕರು ಮುರಳಿಮೋಹನ್. ಕಂಪ್ಯೂಟರಿನಲ್ಲೆಲ್ಲ ಹುಡುಕಿ, ಆ ಮೇಲ್ ನಮ್ಮಿಂದ ಹೋಗಿಲ್ಲ ಎಂದರು. ಅದನ್ನೇ ಬರೆದುಕೊಡಿ ಎಂದು ಅಂಬರೀನ್ ಕೇಳಿದಾಗ ಕನ್ನಡಕ ತೆಗೆದು ಒರೆಸುತ್ತ ಕೂತರು.

“ನಮ್ಮ ಹೆಸರಲ್ಲಿ ಯಾರು ಬೇಕಾದ್ರೂ ರಿಪೋರ್ಟ್ ಕಳಿಸ್ಬೋದು ಅಂತ ನಾನೇ ಬರ್ಕೊಟ್ರೆ, ಆಮೇಲೆ ಇಲ್ಲಿಗೆ ಯಾರಮ್ಮ ಬರ್ತಾರೆ?”

ಲ್ಯಾಬಿನ ವೆಬ್‌ಸೈಟು, ಇ-ಮೇಲ್ ನೋಡಿಕೊಳ್ಳುತ್ತಿದ್ದವನು ಚಿಕ್ಕಬಳ್ಳಾಪುರದ ವಾಸಿಫ್. ಸುತ್ತಲಿನ ಅಂಗಡಿ, ಶಾಲೆ, ಆಸ್ಪತ್ರೆಗಳ ಡೊಮೇನುಗಳನ್ನು, ಅಂದರೆ ಇಂಟರ್ನೆಟ್ಟಿನ ಹೆಸರುಗಳನ್ನು, ಬಾಡಿಗೆ ಸರ್ವರಿನಲ್ಲಿ ಇಟ್ಟು ನಡೆಸುವುದು ಅವನ ಕಸುಬು. ಅಂಬರೀನ್ ಅವನ ಆಫೀಸಿಗೇ ಹೋದಳು. ಆ ಇ-ಮೇಲ್‌ನ ಹಿಂದೆ ಅಡಗಿರುವ ವಿವರಗಳನ್ನು ತೆರೆದು ನೋಡಿದ ವಾಸಿಫ್, ಇದು ಹೊರಟಿರುವುದು ವಿದೇಶದ ಯಾವುದೋ ಸರ್ವರಿನಿಂದ, ಲ್ಯಾಬಿನ ವಿಳಾಸವನ್ನು ಮೇಲೆ ಅಂಟಿಸಿದ್ದಾರೆ ಅಷ್ಟೇ ಎಂದ. ಅಂಚೆ ಲಕೋಟೆಯ ಮೇಲೆ ಕಳಿಸಿದವರ ಹೆಸರನ್ನು ಯಾರು ಬೇಕಾದರೂ ಬರೆಯಬಹುದಲ್ಲ, ಹಾಗೆ. ಅದನ್ನು ತಡೆಯುವ ದಾರಿಯೂ ಇತ್ತು. ಈ ಡೊಮೇನಿನ ಮೇಲ್ ಯಾವ ಸರ್ವರಿನಿಂದ ಬರಬೇಕು, ಅದರ ಮೇಲೆ ಯಾವ ಗುಪ್ತ ಸಹಿ ಇರಬೇಕು, ಇಲ್ಲದಿದ್ದರೆ ತಿರಸ್ಕರಿಸಿ ಎಂದು ಡೊಮೇನಿನ ದಾಖಲೆಯಲ್ಲಿ ಬರೆದಿಟ್ಟರೆ ಸಾಕು. ಇದುವರೆಗೆ ಅದನ್ನು ಯಾರೂ ಕೇಳಿರಲಿಲ್ಲ, ಅವನೂ ಬರೆದಿರಲಿಲ್ಲ.

ಈಗಲೇ ಬರೆದುಬಿಡುತ್ತೇನೆಂದು ವಾಸಿಫ್ ಕೀಬೋರ್ಡ್ ಎಳೆದುಕೊಂಡ. ಅಂಬರೀನ್ ತಡೆದಳು.

“ನಾಳೆ ಬರೀರಿ ಭಾಯ್. ಅದಕ್ಕೆ ಮುಂಚೆ ನಾನೂ ಅಂಥದ್ದೇ ಒಂದು ಮೇಲ್ ಕಳಿಸ್ಬೇಕು.”

ಅವಳು ಕೇಳಿದ್ದನ್ನು ತಿಳಿದು ವಾಸಿಫ್ ಬೇಡವೆಂದ. ಬಹಳ ಹೊತ್ತು ಬೇಡವೆಂದೇ ಹೇಳಿದ. ಕೊನೆಗೆ ಅವಳ ಮುಖ ನೋಡಲಾರದೆ, ಅವಳ ಫೋನಿನಿಂದಲೇ ಆ ವಿಳಾಸದಲ್ಲಿ ಕಳಿಸುವಂತೆ ಜೋಡಿಸಿಕೊಟ್ಟ. ರಿಪೋರ್ಟನ್ನು ಮಾತ್ರ ಅವಳೇ ಟೈಪ್ ಮಾಡಿದಳು.

ಮರುದಿನ ಅಮ್ಮ ಗುಲ್ಷನ್ ಜೊತೆ ಶಿಡ್ಲಘಟ್ಟಕ್ಕೆ ಹೋದಳು. ಜಿಯಾವುಲ್ಲಾ ಬಾಗಿಲಿಂದ ಹಿಂದಕ್ಕೆ ಕಳಿಸಲಿಲ್ಲ. ಅರ್ಬಾಜ್ ಗೋಡೆಗೆ ಒರಗಿ ನಿಂತಿದ್ದ. ಅಮ್ಮ ಬೇಡಿಕೊಳ್ಳುವ ದನಿಯಲ್ಲಿ ಮಾತು ಶುರು ಮಾಡುವಷ್ಟರಲ್ಲಿ ಅಂಬರೀನ್ ದುಪಟ್ಟಾದ ಮರೆಯಲ್ಲಿ ಫೋನ್ ಒತ್ತಿದಳು.

ಅರ್ಬಾಜ್‌ನ ಫೋನ್ ಸದ್ದು ಮಾಡಿತು. ಓದುತ್ತ ಓದುತ್ತ ಅವನ ಮುಖ ಬಿಳಿಚಿಕೊಂಡಿತು. ತಂದೆ ಫೋನ್ ಕಿತ್ತುಕೊಂಡು ನೋಡಿದರು. ಅದೇ ಲ್ಯಾಬು, ಅದೇ ಸಹಿ, ಅದೇ ಕಾಯಿಲೆ. ಹೆಸರು ಮಾತ್ರ ಮಗನದು.

“ಕಳಿಸಿದ್ದು ನಾನು,” ಎಂದಳು ಅಂಬರೀನ್. “ಇಲ್ಲೇ ಕೂತ್ಕೊಂಡು ಈಗ ಕಳಿಸ್ದೆ. ಲ್ಯಾಬಿಗೆ ಗೊತ್ತೇ ಇಲ್ಲ. ನನ್ನ ಹೆಸರಲ್ಲಿ ಬಂದಿದ್ದೂ ಹೀಗೇನೇ.”

ಜಿಯಾವುಲ್ಲಾ ಫೋನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಅವರಿಗೆ ಅರ್ಥವಾಯಿತೆಂದು ಅವಳಿಗೆ ಗೊತ್ತಾಯಿತು. ಅಷ್ಟರಲ್ಲಿ ಅರ್ಬಾಜ್ ತಂದೆಯ ಕೈಯಿಂದ ಫೋನ್ ತೆಗೆದುಕೊಂಡು ಆ ಮೇಲನ್ನು ಅಳಿಸಿ, ಅವಳತ್ತ ತಿರುಗಿದ.

“ಇದನ್ನ ಇನ್ಯಾರಿಗೆಲ್ಲ ಕಳಿಸಿದೀಯಾ?”

ಅವನ ಕಣ್ಣಲ್ಲಿದ್ದದ್ದು ಭಯ. ಯಾರಿಗೂ ಇಲ್ಲವೆಂದು ಅವಳು ಎಷ್ಟು ಹೇಳಿದರೂ ಅದು ಹೋಗಲಿಲ್ಲ. ಜಿಯಾವುಲ್ಲಾ ಮೆಲ್ಲಗೆ ಮಾತಾಡಿದರು.

“ನಿನ್ನ ಮಾತು ನಿಜ ಬೇಟಿ. ನಂಬ್ದೆ. ಆದ್ರೆ ಅಲ್ಲಿ ನನ್ನ ಮಗನ ಹೆಸರು ಬರೆಯೋಕೆ ನಿಂಗೆ ಮನಸ್ಸು ಹೆಂಗೆ ಬಂತು?”

ವಾಪಸಾಗುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದಳು.

ಅಂದೇ ಸಂಜೆ ವಾಸಿಫ್ ಲ್ಯಾಬಿನ ಡೊಮೇನನ್ನು ಭದ್ರ ಮಾಡಿದ. ಅಂಬರೀನ್ ಕೊಟ್ಟ ದೂರಿನ ಮೇಲೆ ಪೊಲೀಸರು ನಡೆಸಿದ ವಿಚಾರಣೆ ಆ ವಿದೇಶಿ ಸರ್ವರಿನ ತನಕ ಹೋಗಿ ನಿಂತಿತು. ಕಳಿಸಿದವರು ಯಾರೋ ತಿಳಿಯಲಿಲ್ಲ. ಅರ್ಬಾಜ್‌ನ ಇ-ಮೇಲ್ ವಿಳಾಸ ಗೊತ್ತಿದ್ದದ್ದು ಹತ್ತಿರದವರಿಗೆ ಮಾತ್ರ ಎಂಬುದು ಅವಳನ್ನು ಕೊರೆಯುತ್ತಲೇ ಇತ್ತು.

ತಿಂಗಳುಗಳು ಕಳೆದ ಮೇಲೆ ಚಿಂತಾಮಣಿಯ ಕಡೆಯಿಂದ ಒಂದು ಸಂಬಂಧ ಬಂತು. ಗಟ್ಟಿಯಾಗುವವರೆಗೆ ಹೊರಗೆ ಹೇಳುವುದು ಬೇಡವೆಂದು ಅಮ್ಮ ತೀರಾ ಹತ್ತಿರದ ನೆಂಟರಿಗಷ್ಟೇ ತಿಳಿಸಿದ್ದಳು. ಆ ನೆಂಟರೆಲ್ಲ ಮನೆಗೆ ಬಂದಿದ್ದ ದಿನ ವಾಸಿಫ್ ಫೋನ್ ಮಾಡಿದ. ಲ್ಯಾಬಿನ ಹೆಸರನ್ನು ಯಾರಾದರೂ ಕದ್ದು ಬಳಸಲು ನೋಡಿದರೆ ಮೇಲ್ ಕಂಪನಿಗಳು ಈಗ ಅವನಿಗೆ ವರದಿ ಕಳಿಸುತ್ತಿದ್ದವು. ಇಷ್ಟು ದಿನ ಏನೂ ಇರಲಿಲ್ಲ, ನಿನ್ನೆ ಅದೇ ವಿದೇಶಿ ಸರ್ವರಿನಿಂದ ಮತ್ತೆ ಒಂದು ಮೇಲ್ ಹೊರಟಿದೆ, ಆದರೆ ತಲುಪಿಲ್ಲ ಎಂದ.

“ಯಾರಿಗೆ ಕಳಿಸಿದ್ದು?”

“ಅದು ವರದೀಲಿ ಬರಲ್ಲ. ಎಲ್ಲಿಂದ ಹೊರಟಿತು ಅನ್ನೋದಷ್ಟೇ ಬರ್ತದೆ.”

ಅವಳು ಫೋನ್ ಇಟ್ಟಳು. ನಡುಮನೆಯಲ್ಲಿ ಚಿಕ್ಕಮ್ಮ, ಅತ್ತೆ, ಅವರ ಹೆಣ್ಣುಮಕ್ಕಳು ಚಿಂತಾಮಣಿಯ ಹುಡುಗನ ಬಗ್ಗೆ ಮಾತಾಡುತ್ತ ನಗುತ್ತಿದ್ದರು. ಚಹಾ ತರುವಂತೆ ಅಮ್ಮ ಕೂಗಿದಳು. ಅಂಬರೀನ್ ತಟ್ಟೆ ಹಿಡಿದು ಹೋಗಿ ಒಬ್ಬೊಬ್ಬರಿಗೂ ಬಗ್ಗಿ ಲೋಟ ಕೊಟ್ಟಳು, ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ಪ್ರೀತಿಯಿಂದಲೇ ನಕ್ಕರು.