ಜಾರುಗಂಟಿನ ದೊಡ್ಡಿ

ನನ್ನ ಸಾವ್ಕಾರನನ್ನು ಉಡ ಅಂದವರ ನಾಲಿಗೆ ಸೇದಿಹೋಗಲಿ! ಅವನು ಇಗ್ವಾನಾ, ಸೊಪ್ಪು ತಿನ್ನುವ ಹೊರದೇಶದ ಪ್ರಾಣಿ. ಯಾದಗಿರಿಯಲ್ಲಿ ಬಣ್ಣದ ಮೀನು ಮಾರುತ್ತಿದ್ದ ನನ್ನ ತಮ್ಮ ತಿರುಪತಿ ಅಂಗಡಿ ಮುಚ್ಚುವಾಗ, "ಅಕ್ಕಾ, ಇದನ್ನ ಇಟ್ಕೋ, ಜತಿಗಿ ಆಗ್ತದ" ಎಂದು ಮರಿ ಕೊಟ್ಟ. ಸರ್ಕಾರದ ಕಾಗದವನ್ನೂ ಮಾಡಿಸಿಕೊಟ್ಟ. ಗಂಡ ಬಿಟ್ಟುಹೋದ ಮೇಲೆ ನನ್ನ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಇದ್ದದ್ದು ಅವನ ಉಸಿರು ಮಾತ್ರ.

ನಮ್ಮ ಕಡೆ ಮನೆಗೆ ಉಡ ಹೊಕ್ಕರೆ ಅಲ್ಲಿ ಇರಬಾರದು, ಬೀಗ ಹಾಕಿ ಕೆಲವು ತಿಂಗಳು ಬೇರೆ ಕಡೆ ಹೋಗಬೇಕು. ನಾನು ಮೊದಲು ಬಾಡಿಗೆಗಿದ್ದ ಸುರಪುರದ ಮನೆಯ ಮಾಲೀಕರು ಸಾವ್ಕಾರನನ್ನು ಉಡವೆಂದೇ ತಿಳಿದರು; ಬೀಗದ ಗೋಜಿಗೆ ಹೋಗಲಿಲ್ಲ, ನನ್ನನ್ನೇ ಹೊರಗೆ ಹಾಕಿದರು. ಶಹಾಪುರದ ಮೊದಲ ಮನೆಯಲ್ಲೂ ಅದೇ ಪಾಡು. ಅಲ್ಲಿಂದ ಹೊರಡುವಾಗ ಅವನ ಪಂಜರ ಬಾಗಿಲಲ್ಲಿ ಹಿಡಿಸಲಿಲ್ಲ, ಒಡೆದು ತರಬೇಕಾಯಿತು.

ಆಮೇಲೆ ಸಿಕ್ಕಿದ್ದು ಸುಗಲಮ್ಮನ ಮನೆಯ ಹಿಂದಿನ ಖೋಲಿ. ಓತಿಕ್ಯಾತ ಸಾಕಿದ್ದೇನೆ ಎಂದು ಅವರಿಗೆ ಹೇಳಿದ್ದೆ, ಅದರ ಉದ್ದ ಎಷ್ಟೆಂದು ಹೇಳಿರಲಿಲ್ಲ. ಮೊಣಕಾಲು ನೋವಿನ ಸುಗಲಮ್ಮ ನನ್ನ ಖೋಲಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೆ ದಿನಾ ಸಂಜೆ ಅಂಗಳದಿಂದ, "ರೇಣುಕಾ, ಚಾ ಆಗ್ಯಾದ, ಬಾರವ್ವಾ" ಎಂದು ಕರೆಯುತ್ತಿದ್ದರು. ನನ್ನನ್ನು ಹಾಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ. ಆ ಕರೆ ತಪ್ಪಿಹೋದೀತು ಎಂದು ನನಗೆ ದಿಗಿಲು.

ಸಾವ್ಕಾರ ಹಳೆ ಅಲ್ಮಾರಿಯಲ್ಲಿ ಬಾಲ ಮಡಚಿ ಕೂರುವಷ್ಟು ಬೆಳೆದ. ದೊಡ್ಡ ಪಂಜರ ಬೇಕಿತ್ತು. ಹೊಲದಲ್ಲಿ ಕುರಿ ನಿಲ್ಲಿಸಲು ಬಲೆಯ ದೊಡ್ಡಿ ಕಟ್ಟುವ ಸಗರದ ದೇವಿಂದ್ರಪ್ಪನನ್ನು ಕರೆಸಿದೆ.

"ಕಾಕಾ, ದೊಡ್ಡದಾಗಬೇಕು. ಆದ್ರ ಹೋಗು ಅಂದ ಕೂಡ್ಲೇ ಬಿಚ್ಚಿಕೊಂಡು ಹೋಗಾಕ ಬರಬೇಕು."

"ಕಟ್ಟೂಕಿಂತ ಮೊದ್ಲ ಬಿಚ್ಚೂದರ ಮಾತ ಆಡ್ತಿ ಅಲ್ಲ ತಂಗಿ!"

"ನಿನಗ್ಯಾಕ? ಹೇಳಿದಷ್ಟು ಮಾಡು."

ಅವನು ನಕ್ಕ. ಬಿದಿರಿನ ಚೌಕಟ್ಟುಗಳನ್ನು ಮಾಡಿದ, ನಾನು ಅವಕ್ಕೆ ಬಲೆ ಹೊಲಿದೆ. ಮೂಲೆಗಳಿಗೆ ಮೊಳೆ ಹೊಡೆಯದೆ ಜಾರುಗಂಟು ಹಾಕಿದ. ತುದಿ ಎಳೆದರೆ ಸಾಕು, ಗಂಟು ಬಿಚ್ಚಿಕೊಳ್ಳುತ್ತಿತ್ತು.

ಸುಗಲಮ್ಮ ಸಂತೆಗೆ ಹೋದ ದಿನ ಅಂಗಳದಲ್ಲೇ ಕಟ್ಟಿ ನೋಡಿದೆವು. ನಡುವೆ ಬೇವಿನ ಟೊಂಗೆ ನಿಲ್ಲಿಸಿದೆವು. ಸಾವ್ಕಾರ ಅದನ್ನೇರಿ ಮೊದಲ ಸಲ ಮೈ ಉದ್ದಕ್ಕೆ ಚಾಚಿ ಮಲಗಿದ. ನನ್ನ ಕಣ್ಣು ತುಂಬಿ ಬಂತು. ದೇವಿಂದ್ರಪ್ಪ ಹಗ್ಗ ಸುತ್ತಿಕೊಂಡು ಹೋದ. ನಾನು ನೋಡುತ್ತ ಕೂತೆ, ಹೊತ್ತು ಹೋದದ್ದೇ ತಿಳಿಯಲಿಲ್ಲ.

"ಎವ್ವಾ! ಉಡ ಹೊಕ್ಕದ ಮನಿಯಾಗ!"

ಬಾಗಿಲಲ್ಲಿ ಸುಗಲಮ್ಮ. ಕೈಚೀಲದ ಬದನೆಕಾಯಿ ಅಂಗಳದ ತುಂಬ ಉರುಳಿದವು.

"ಉಡ ಅಲ್ರಿ ಅವ್ವಾ, ಸೊಪ್ಪು ತಿಂತಾನ, ನೋಡ್ರಿ!" ದಾಸವಾಳದ ಎಲೆ ಒಡ್ಡಿದೆ. ಆ ಹಾಳಾದವನು ಆಗಲೇ ಉಡದ ಹಾಗೆ ನಾಲಿಗೆ ಹೊರಹಾಕಬೇಕೇ! ಸುಗಲಮ್ಮ ಕೈ ಮುಗಿದು ಒಳಗೆ ಹೋದರು.

ಇನ್ನೇನು ಉಳಿಯಿತು? ಸಾವ್ಕಾರನನ್ನು ಬುಟ್ಟಿಗೆ ಹಾಕಿ ಗಂಟಿನ ತುದಿಗಳನ್ನು ಎಳೆದೆ. ಗೋಡೆಗಳು ಒಂದರ ಮೇಲೊಂದು ಬಿದ್ದವು. ಸೀರೆಗಳನ್ನು ಟ್ರಂಕಿಗೆ ತುರುಕುತ್ತಿರುವಾಗ ಅಂಗಳದಲ್ಲಿ ಆಟೋ ಸದ್ದು. ಹೊರಬಂದು ನೋಡಿದರೆ ಚೀಲ ಹಿಡಿದು ನಿಂತವರು ಸುಗಲಮ್ಮ.

"ನೀ ಎಲ್ಲಿಗಿ ಹೊಂಟಿ?" ಎಂದರು.

"ಮನಿ ಬಿಟ್ಟು ಹೊಂಟೀನ್ರಿ."

"ಹುಚ್ಚಿ! ಎಲ್ಲಾರೂ ನಿನ್ನ ಹೊರಗ ಹಾಕ್ಯಾರ ಅಂತ ನೀನಾ ಹೇಳೀದಿ. ನಾನೂ ಹಾಕಲೇನು? ಮನಿ ನಂದು, ದೋಷ ನಂದು. ನಾ ಗೋಗಿ ಊರಿಗಿ, ಮಗನ ಹಂತೇಕ ಹೋಗ್ತೀನಿ. ನೀ ಆರಾಮ ಇರು."

"ಅವ್ವಾ, ನೀವು ಹೋಗಬ್ಯಾಡ್ರಿ. ನಾನಾ ಹೋಗ್ತೀನಿ, ನಿಮ್ಮ ಕಾಲು ಬೀಳ್ತೀನಿ."

"ಹೊಕ್ಕಿದ್ದು ಹೊಕ್ಕದ. ನೀ ಹೋದ್ರ ದೋಷ ಹೋಗ್ತದೇನು?" ನನ್ನ ಕೆನ್ನೆ ಸವರಿ ಆಟೋ ಹತ್ತಿದರು. ಅವರು ಬೈದಿದ್ದರೆ ನಾನೂ ಬೈದು ಹೋಗುತ್ತಿದ್ದೆ. ಇಷ್ಟು ಪ್ರೀತಿಯಿಂದ ಒಂಟಿ ಮಾಡಿಹೋದವರನ್ನು ಯಾವ ಬಾಯಿಂದ ಬೈಯಲಿ?

ತಿಂಗಳುಗಳು ಉರುಳಿದವು. ಸುಗಲಮ್ಮ ಮೊಮ್ಮಕ್ಕಳಿಗೆ ಹೊಂದಿಕೊಂಡರಂತೆ, ಇನ್ನು ಬರುವುದಿಲ್ಲವೆಂದು ಫೋನಿನಲ್ಲಿ ಹೇಳಿದರು. ಇಡೀ ಅಂಗಳ ನಮ್ಮದೇ. ಬಿಚ್ಚಿಟ್ಟಿದ್ದ ದೊಡ್ಡಿಯನ್ನು ಬಿಸಿಲಿಗೆ ಕಟ್ಟಲು ದೇವಿಂದ್ರಪ್ಪನನ್ನು ಮತ್ತೆ ಕರೆಸಿದೆ. ಅವನು ಮೂಲೆಯಲ್ಲಿ ಕೂತು ಹಗ್ಗ ಸುತ್ತಿದ.

"ಜಾರುಗಂಟು ಬ್ಯಾಡ ಕಾಕಾ," ಎಂದೆ. "ಗಟ್ಟಿ ಗಂಟ ಹಾಕು."

"ಯಾಕ ತಂಗಿ, ಹೋಗು ಅಂದ್ರ ಹೋಗಬೇಕಲ್ಲ?"

"ಈಗ ಹೋಗು ಅನ್ನಾವ್ರೂ ಯಾರೂ ಇಲ್ಲ."