ಗ್ಯಾಸ್ ಆಫ್ ಮಾಡಿದ್ಯಾ?

"ನನ್ನ ಪಕ್ಕ ಮಲಗೋಕೆ ಏನ್ರೀ ಕಷ್ಟ ನಿಮಗೆ? ನಾನೇನು ನಾರ್ತಾ ಇದೀನಾ?"

"ಮೆಲ್ಲಗೆ ಮಾತಾಡೇ. ಪಕ್ಕದ ಮನೆಗೆಲ್ಲ ಕೇಳುತ್ತೆ."

"ಕೇಳಿಸ್ಕೊಳ್ಳಲಿ. ಅವರಿಗೇನು ಕನ್ನಡ ಬರುತ್ತಾ?"

ಶೋಭನಾ ಮಗಳ ಮಂಚದ ಮೇಲಿದ್ದ ಗಂಡನ ದಿಂಬನ್ನು ಎತ್ತಿ ಕೋಣೆಯ ಹೊರಗೆ ಎಸೆದಳು. ದೂರದ ಲುಂಡ್ ಊರಲ್ಲಿ ಓದುತ್ತಿದ್ದ ಇಳಾ ಮರುದಿನ ರಜೆಗೆ ಬರುವವಳಿದ್ದಳು. ಅವಳ ಕೋಣೆ ಅವಳಿಗೆ ಬೇಕು. ದೀಪಾವಳಿ ಕಳೆದಾಗಿನಿಂದ ರಘುನಾಥ ಅದರಲ್ಲೇ ಮಲಗುತ್ತಿದ್ದ.

"ಗೊರಕೆ ಹೊಡೀತೀನಿ, ನಿನಗೆ ನಿದ್ದೆ ಕೆಡುತ್ತೆ ಅಂತ ತಾನೇ ಇಲ್ಲಿ ಬಂದಿದ್ದು."

"ನಿಮ್ಮ ಗೊರಕೆ ನಿಂತ್ರೇನೇ ನನಗೆ ಎಚ್ಚರ ಆಗೋದು. ಸುಳ್ಳು ಬೇಡ. ನಾನು ನಿಮಗೆ ಬೇಡ ಆಗಿದೀನಾ? ಅಷ್ಟು ಹೇಳಿ ಸಾಕು."

ರಘುನಾಥ ಕಿಟಕಿಯ ಕಡೆ ತಿರುಗಿದ. ಸ್ವೀಡನ್ನಿನ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯ ಮೀಟಿಂಗುಗಳಲ್ಲಿ ಗಂಟೆಗಟ್ಟಲೆ ಮಾತಾಡುವ ಇಂಜಿನಿಯರು, ಬಾಯಲ್ಲಿ ಕಡುಬು ಇಟ್ಟುಕೊಂಡವನ ಹಾಗೆ ನಿಂತುಬಿಟ್ಟ.

ಇವನೇನು ಹುಟ್ಟು ಮೂಗನಲ್ಲ. ತುಮಕೂರಿನ ಬಾಡಿಗೆ ಮನೆಯಲ್ಲಿದ್ದಾಗ ಎಷ್ಟು ಚೆನ್ನಾಗಿ ಕೇಳುತ್ತಿದ್ದ. ಅಲ್ಲಿದ್ದದ್ದು ಒಂದು ಕೋಣೆ, ಒಂದು ನಡುಮನೆ. ನಡುಮನೆಯಲ್ಲಿ ಅತ್ತೆ, ಇಬ್ಬರು ಮೈದುನರು. ಕೋಣೆಗೆ ಬಾಗಿಲೂ ಇರಲಿಲ್ಲ, ಒಂದು ಹೂವಿನ ಪರದೆ ಅಷ್ಟೆ. ದೀಪ ಆರಿದ ಮೇಲೆ ಅವನು ಏನೂ ಅರಿಯದವನ ಹಾಗೆ ಕೇಳುತ್ತಿದ್ದ: "ಗ್ಯಾಸ್ ಆಫ್ ಮಾಡಿದ್ಯಾ?"

ಮೈಕೈ ನೋವಿದ್ದರೆ ಅವಳು "ಆಗಲೇ ಮಾಡಿದೆ" ಅನ್ನುತ್ತಿದ್ದಳು. ಅವನು ಸಿಡುಕದೆ ಮಗ್ಗುಲು ಬದಲಿಸುತ್ತಿದ್ದ. ಮನಸ್ಸಿದ್ದರೆ, "ಇಲ್ಲಾ ರೀ, ಇನ್ನೂ ಸಣ್ಣಗೆ ಉರೀತಿದೆ." ಕತ್ತಲಲ್ಲಿ ಅವನ ನಗು ಕಾಣದಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. ಒಂದು ರಾತ್ರಿ ಅವಳು ಬಾಯಿ ತೆರೆಯುವ ಮೊದಲೇ ಪರದೆಯಾಚೆಯಿಂದ ಅತ್ತೆಯ ದನಿ ಬಂತು. "ನಾನೇ ಆಫ್ ಮಾಡಿದೀನಿ ಕಣಪ್ಪಾ. ದಿನಾ ಅದನ್ನೇ ಎಷ್ಟು ಸಲ ಕೇಳ್ತೀಯ, ಮಲಕ್ಕೋ." ಗಂಡ ಹೆಂಡತಿ ಇಬ್ಬರೂ ಹೊದಿಕೆಯ ತುದಿಯನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿದ್ದರು.

ಸ್ವೀಡನ್ನಿಗೆ ಬಂದರೆ ಅಡುಗೆಮನೆಯಲ್ಲಿ ಗ್ಯಾಸೇ ಇಲ್ಲ, ಕರೆಂಟಿನ ಒಲೆ. ಮೊದಮೊದಲು ತಮಾಷೆಗಾದರೂ ಆ ಮಾತು ಬರುತ್ತಿತ್ತು. ಆಮೇಲೆ ಸವೆದು ಹೋಯಿತು. ಅದರ ಜಾಗಕ್ಕೆ ಬೇರೆ ಮಾತು ಬರಲಿಲ್ಲ. ಇಲ್ಲಿ ಪ್ರತಿ ಕೋಣೆಗೂ ಬಾಗಿಲಿದೆ, ಬಾಗಿಲಿಗೆ ಬೀಗವಿದೆ, ಕದ್ದು ಕೇಳಲು ಯಾರೂ ಇಲ್ಲ. ಕೇಳುವವನೂ ಇಲ್ಲ. ಅವಳು ಅಡುಗೆ ಮಾಡುವ ದಾಗಿಸ್ ಎಂಬ ಶಿಶುವಿಹಾರದಲ್ಲಿ, ಮಕ್ಕಳು ಮಲಗಿದ ಮೇಲೆ ಫೀಕಾ ಎಂದು ಕಾಫಿಗೆ ಕೂತರೆ, ಜೊತೆಯ ಆನಿಕಾ ಬೆನ್ನುನೋವಿನ ಬಗ್ಗೆ ಹೇಳಿದಷ್ಟೇ ಸಲೀಸಾಗಿ ಗಂಡನ ಜೊತೆಗಿನ ಹಾಸಿಗೆಯ ಮಾತನ್ನೂ ಹೇಳುತ್ತಿದ್ದಳು. ನಾಚಿಕೆಗೆಟ್ಟವಳು ಎಂದು ಶೋಭನಾ ಒಳಗೇ ಬೈದುಕೊಳ್ಳುತ್ತಿದ್ದಳು. ಹೊಟ್ಟೆಕಿಚ್ಚೂ ಆಗುತ್ತಿತ್ತು.

"ಇವತ್ತು ನಾನು ಬಿಡಲ್ಲ," ಎಂದಳು ಈಗ. "ಮೊದಲು ನಂದು ಹೇಳ್ತೀನಿ, ಕೇಳಿ. ನನಗೆ ಮುಟ್ಟು ನಿಂತಿದೆ, ಆಸೆ ನಿಂತಿಲ್ಲ. ನೀವು ಬೇಕು ನನಗೆ. ಈಗ ನಿಮ್ಮದು ಹೇಳಿ."

ಅವನು ಕಿಟಕಿಯ ಗಾಜಿಗೆ ಹೇಳುವವನ ಹಾಗೆ ಹೇಳಿದ.

"ನನ್ನ ಕೈಲಿ ಆಗ್ತಿಲ್ಲ ಕಣೇ."

"ಏನು ಆಗ್ತಿಲ್ಲ?"

"ಅದೇ. ಶುಗರ್ ಬಂದಾಗಿಂದ. ಪಕ್ಕದಲ್ಲಿದ್ರೆ ನೀನು ಮೈಮೇಲೆ ಕೈ ಹಾಕ್ತೀಯ, ನನಗೆ ಭಯ ಆಗುತ್ತೆ. ಡಾಕ್ಟರ್ ಹತ್ರ ಹೋಗಿದ್ದೆ. ನೋಡಿದ್ರೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯಿ ಬರದೆ, ಮಂಡಿನೋವು ಅಂತ ಹೇಳಿ ಬಂದೆ."

ಶೋಭನಾ ನಕ್ಕುಬಿಟ್ಟಳು.

ತಡೆಯಲು ಆಗಲಿಲ್ಲ. ಇಷ್ಟು ತಿಂಗಳು ಕನ್ನಡಿಯ ಮುಂದೆ ನಿಂತು ತನ್ನ ಹೊಟ್ಟೆಯನ್ನು, ನರೆತ ಬೈತಲೆಯನ್ನು ಬೈದುಕೊಂಡಿದ್ದಳು. ಅವನ ಆಫೀಸಿನಲ್ಲಿ ಯಾರೋ ಇದ್ದಾಳೆ ಎಂದೂ ಗುಮಾನಿಪಟ್ಟಿದ್ದಳು. ಆ ಹೊರೆಯೆಲ್ಲ ಒಂದೇ ಸಲಕ್ಕೆ ಇಳಿದು, ತುಮಕೂರಿನ ಆ ರಾತ್ರಿಯ ನಗುವೇ ಉಕ್ಕಿತು. ಅವನೂ ಈಗ ನಗುತ್ತಾನೆ ಎಂದುಕೊಂಡಳು.

"ಮಂಡಿನೋವಾ?" ಎನ್ನುತ್ತ ಅವನ ತೋಳಿಗೆ ಕೈ ಚಾಚಿದಳು.

ಅವನು ತಿರುಗಿದ. ಮುಖ ಕಿವಿಯವರೆಗೂ ಕೆಂಪಾಗಿತ್ತು. "ಇದಕ್ಕೇ ನಾನು ಹೇಳಿರಲಿಲ್ಲ."

"ಅಯ್ಯೋ, ಅದಕ್ಕಲ್ಲ ರೀ ನಕ್ಕಿದ್ದು."

ಅಷ್ಟರಲ್ಲಿ ಅವನು ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದ.

"ನನಗೆ ಖುಷಿ ಆಯ್ತು ರೀ. ನಾನು ಬೇಡ ಆಗಿಲ್ಲ ಅಂತ ಖುಷಿ."

"ಖುಷಿ," ಎಂದ ಅವನು ಲೇಸು ಬಿಗಿಯುತ್ತ. "ಆಗ್ಲಿ. ಖುಷಿಯಾಗಿರು."

ಬಾಗಿಲನ್ನು ಧಡಾರನೆ ಬಡಿದಿದ್ದರೆ ಅವಳೂ ನಾಲ್ಕು ಬೈದು ಕೆಳಗಿನವರೆಗೆ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಅವನು ಮೆಲ್ಲಗೆ ಎಳೆದುಕೊಂಡು ಹೋದ. ಅವಳು ಮೆಟ್ಟಿಲಿಗೆ ಬರುವಷ್ಟರಲ್ಲಿ ಕೆಳಗಿನ ಬಾಗಿಲೂ ಮುಚ್ಚಿತ್ತು. ಅವಳು ಮಾಡಿದ ಫೋನು ಬಡಿದುಕೊಂಡಿತು, ಅವನು ಎತ್ತಲಿಲ್ಲ.

ಮರುದಿನ ಇಳಾ ಬಂದು "ಪಪ್ಪಾ ಎಲ್ಲಿ?" ಎಂದಳು. ಕಾರ್ಲ್‌ಸ್ಟಾಡ್‌ನಲ್ಲಿ ಆಫೀಸಿನ ಕೆಲಸ ಬಿದ್ದಿದೆ ಎಂದು ಸುಳ್ಳು ಹೇಳಿದಳು ಶೋಭನಾ. ಮಗಳು ರಜೆ ಮುಗಿಸಿ ಲುಂಡ್‌ಗೆ ವಾಪಸು ಹೋದಳು. ರಘುನಾಥ ಬರಲಿಲ್ಲ.