ಊರಿಗೆಲ್ಲ ಒಂದೇ ನಂಬರು

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರದ ಆ ಬ್ಯಾಂಕಿನಲ್ಲಿ ಶ್ವೇತಾಗೆ ಕುರ್ಚಿ ಇರಲಿಲ್ಲ. ತಂತ್ರಜ್ಞಾನ ಕಲಿಯಲು ಬಂದವರಿಗೆ ಕುರ್ಚಿ ಯಾಕೆ? ಕೆಟ್ಟ ಪ್ರಿಂಟರಿನ ರಟ್ಟಿನ ಡಬ್ಬಿಯ ಮೇಲೆ ಕೂರುತ್ತಿದ್ದಳು. ಅದು ಕುಸಿದ ಮೇಲೆ ನಿಂತಳು. ತನ್ನೂರು ಸೂಡಿಯಿಂದ ಬೆಳಗಿನ ಬಸ್ಸಿಗೆ ನಿಂತು ಬರುವುದು, ಬ್ಯಾಂಕಿನಲ್ಲಿ ನಿಂತಿರುವುದು, ಸಂಜೆ ನಿಂತು ಮರಳುವುದು. ಕಾಲೇಜಿನವರು ಇದಕ್ಕೆ ತರಬೇತಿ ಎಂದು ಹೆಸರಿಟ್ಟಿದ್ದರು.

ಬಿಸಿಎ ಕೊನೆಯ ಸೆಮಿಸ್ಟರ್. ಬ್ಯಾಂಕಿನವರು ಸರ್ಟಿಫಿಕೇಟ್ ಕೊಟ್ಟರೆ ಪಾಸು, ಇಲ್ಲದಿದ್ದರೆ ಇನ್ನೊಂದು ವರ್ಷ. ಇನ್ನೊಂದು ವರ್ಷ ಓದಿಸಲು ಮನೆಯಲ್ಲಿ ಯಾರೂ ತುದಿಗಾಲಲ್ಲಿ ನಿಂತಿರಲಿಲ್ಲ. ಗಂಡು ನೋಡಲು ಮಾತ್ರ ನಿಂತಿದ್ದರು.

ಅವಳು ಮೊದಲು ಕಲಿತ ತಂತ್ರಜ್ಞಾನ ಸ್ಟೇಪ್ಲರು. ಆಮೇಲೆ ಝೆರಾಕ್ಸು. ಅದರಲ್ಲಿ ಪಳಗಿದ ಮೇಲೆ ಚಹಾ ತರುವ ಕೆಲಸಕ್ಕೆ ಬಡ್ತಿ ಸಿಕ್ಕಿತು. ಪಗಾರ ಇರಲಿಲ್ಲ. ಅನುಭವ ಸಿಗುತ್ತದಲ್ಲ ಎಂದಿದ್ದರು ಮ್ಯಾನೇಜರ್ ಸಂಗನಬಸವ ಸಾಹೇಬರು. ಖರೇ ಮಾತು, ಅನುಭವಕ್ಕೇನೂ ಕೊರತೆ ಬೀಳಲಿಲ್ಲ.

ಆಗ ಮೇಲಿನ ಆಫೀಸಿನಿಂದ ಫರ್ಮಾನು ಬಂತು. ಪ್ರತಿ ಖಾತೆದಾರನೂ ಬ್ಯಾಂಕಿನ ಆ್ಯಪ್ ಹಾಕಿಕೊಂಡಿರಬೇಕು. ಸಾಹೇಬರಿಗೆ ಒಮ್ಮೆಲೇ ಶ್ವೇತಾಳ ಓದು ನೆನಪಾಯಿತು. ಅವಳನ್ನು ಬಾಗಿಲ ಬಳಿ ನಿಲ್ಲಿಸಿದರು. ಬಂದವರನ್ನೆಲ್ಲ ಹಿಡಿ, ಆ್ಯಪ್ ಹಾಕು. ಅಷ್ಟೇ ತಂತ್ರಜ್ಞಾನ.

ಮೊದಲು ಸಿಕ್ಕವಳು ಮೈಮುನಬಿ. ನೇಕಾರರ ಓಣಿಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಮುದುಕಿ, ವಿಧವಾ ಪಿಂಚಣಿ ತೆಗೆಯಲು ಬಂದಿದ್ದಳು. ಅವಳ ಬಳಿ ಫೋನೇ ಇರಲಿಲ್ಲ. ಶ್ವೇತಾ ಅವಳನ್ನು ಕರೆದುಕೊಂಡೇ ಸಾಹೇಬರ ಕೋಣೆಗೆ ಹೋಗಿ, ಏನು ಮಾಡಲಿ ಎಂದು ಕೇಳಿದಳು.

“ನಿನ್ನ ನಂಬರ್ ಹಾಕು,” ಎಂದರು ಸಾಹೇಬರು, ತಲೆ ಎತ್ತದೆ.

“ಸರ, ಅವರ ಖಾತೆಗೆ ನನ್ನ ನಂಬರ್ ಹಾಕಿದ್ರ ತಪ್ಪಾಗಂಗಿಲ್ರಿ?”

“ಟೆಕ್ನಾಲಜಿ ಕಲಿಯಾಕ ಬಂದೀಯೋ, ತಪ್ಪು ಹುಡುಕಾಕ ಬಂದೀಯೋ? ಸರ್ಟಿಫಿಕೇಟ್ ಬೇಕೋ ಬ್ಯಾಡೋ?”

ಮೈಮುನಬಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಹಾಕು ಬೇಟಿ, ನಿನ್ನ ಫೋನು ಅಂದ್ರ ನಮ್ಮ ಫೋನು ಇದ್ದಂಗ ಎಂದು ಹೆಬ್ಬೆಟ್ಟು ಒತ್ತಿದಳು.

ಸುದ್ದಿ ಓಣಿಗೆ ಹೋಯಿತು. ನಮ್ಮ ಹುಡುಗಿಯೇ ಇದ್ದಾಳೆ, ಫೋನಿನ ತಂಟೆ ಇಲ್ಲ ಎಂದು ಹೆಂಗಸರು ಖುಷಿಯಿಂದ ಬಂದರು. ಸೂಡಿಯಿಂದ ಪಕ್ಕದ ಮನೆಯ ಸಿದ್ದಲಿಂಗವ್ವನೂ ಬಂದಳು. ಶ್ವೇತಾ ತನ್ನ ಫೋನಿನಲ್ಲೇ ಒಬ್ಬರ ಆ್ಯಪ್ ಹಾಕುವುದು, ಅಳಿಸುವುದು, ಇನ್ನೊಬ್ಬರದು ಹಾಕುವುದು. ಕಾಗದದ ಮೇಲೆ ಊರಿನ ಮುದುಕಿಯರೆಲ್ಲ ಡಿಜಿಟಲ್ ಆದರು. ಶಾಖೆಗೆ ಬಹುಮಾನ ಬಂತು. ಸಾಹೇಬರು ಹಾರ ಹಾಕಿಸಿಕೊಂಡ ಫೋಟೊ ಗೋಡೆಗೇರಿತು. ಹಾರದ ತಟ್ಟೆ ಹಿಡಿದವಳ ಬೆರಳುಗಳು ಒಂದು ಮೂಲೆಯಲ್ಲಿ ಕಾಣುತ್ತವೆ.

ಆದರೆ ಮೇಲಿನ ಆಫೀಸಿನ ಕಂಪ್ಯೂಟರಿಗೆ ಹಾರ ತುರಾಯಿ ತಿಳಿಯುವುದಿಲ್ಲ. ಒಂದೇ ನಂಬರಿಗೆ ಇಷ್ಟೊಂದು ಖಾತೆಯೇ ಎಂದು ಅನುಮಾನ ಬಂದು, ಎಲ್ಲ ಖಾತೆಗಳಿಗೂ ಬೀಗ ಜಡಿಯಿತು. ಹೆಂಗಸರು ಪಿಂಚಣಿಗೆ ಬಂದು ಹೆಬ್ಬೆಟ್ಟು ಒತ್ತಿದರು. ಯಂತ್ರ ಒಲ್ಲೆ ಎಂದಿತು. ಬೆರಳು ತೊಳೆದು ಬಂದು ಒತ್ತಿದರು. ಒಲ್ಲೆ ಎಂದಿತು. ಮೈಮುನಬಿ ದುಡ್ಡಿಲ್ಲದೆ ಬಿಪಿ ಗುಳಿಗೆ ಬಿಟ್ಟು ತಲೆ ಸುತ್ತಿ ಮಗ್ಗದ ಕುಣಿಯ ಪಕ್ಕ ಬಿದ್ದಳು.

ಸಾಹೇಬರು ವಿಚಾರಿಸಲು ಬಂದವರಿಗೆಲ್ಲ, ಎಲ್ಲ ಆ ಹುಡುಗಿ ಮಾಡಿದ್ದು ಎನ್ನುತ್ತಿದ್ದರು. ಮರುದಿನ ಬಸ್ಸಿನಲ್ಲಿ ಸಿದ್ದಲಿಂಗವ್ವ ಶ್ವೇತಾಳನ್ನು ಕಂಡು ಮುಖ ತಿರುಗಿಸಿದಳು. ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ತಿರುಗಿದ ಆಯಿ ಅವಳು. ಶ್ವೇತಾಗೆ ಸಿಟ್ಟು ಬಂತು. ಸಿದ್ದಲಿಂಗವ್ವನ ಮೇಲಲ್ಲ, ತನ್ನ ಮೇಲೆಯೇ.

ಆ ದಿನ ಸಾಹೇಬರು ಅವಳನ್ನು ಕರೆದು ಕುರ್ಚಿ ಕೊಟ್ಟರು. ಬ್ಯಾಂಕಿನಲ್ಲಿ ಮೊದಲ ಸಲ ಕುರ್ಚಿ ಸಿಕ್ಕಾಗಲೇ ಅವಳಿಗೆ ಏನೋ ಎಡವಟ್ಟಿದೆ ಅನ್ನಿಸಿತು. ಟೇಬಲ್ಲಿನ ಮೇಲೆ ಸರ್ಟಿಫಿಕೇಟ್ ಇತ್ತು, ಸಹಿ ಸಿಕ್ಕೆ ಸಮೇತ. ಪಕ್ಕದಲ್ಲಿ ಇನ್ನೊಂದು ಹಾಳೆ: ಯಾರ ಅಪ್ಪಣೆಯೂ ಇಲ್ಲದೆ ನಾನೇ ಸ್ವಂತ ಬುದ್ಧಿಯಿಂದ ನನ್ನ ನಂಬರು ಹಾಕಿದ್ದೇನೆ. ಕೆಳಗೆ ಅವಳ ಹೆಸರು. ಸ್ವಂತ ಬುದ್ಧಿ ಇದೆ ಎಂದು ಆ ಬ್ಯಾಂಕು ಅವಳನ್ನು ಮೆಚ್ಚಿದ್ದು ಅದೊಂದೇ ಸಲ.

ಮಕ್ಕಳು ತಪ್ಪು ಮಾಡುತ್ತವೆ, ಬ್ಯಾಂಕು ದೊಡ್ಡ ಮನಸ್ಸಿನದು, ಸಹಿ ಮಾಡಿ ಸರ್ಟಿಫಿಕೇಟ್ ಒಯ್ಯಿ ಎಂದರು. ಕಾಲೇಜಿನ ಪ್ರಾಣೇಶ ಮಾಸ್ತರರೂ ಫೋನಿನಲ್ಲಿ ಅದನ್ನೇ ಹೇಳಿದರು. ಮುಂದಿನ ವರ್ಷವೂ ಹುಡುಗರನ್ನು ಅಲ್ಲಿಗೇ ಕಳಿಸಬೇಕಲ್ಲ.

ಶ್ವೇತಾ ಪೆನ್ನು ಹಿಡಿದಳು. ಬೀಗ ತೆಗೆಯುವುದು ಹೇಗೆ ಎಂದಷ್ಟೇ ಕೇಳಿದಳು.

“ಸರಳ ಐತಿ. ಖಾತೆಯಿಂದ ನಿನ್ನ ನಂಬರ್ ತೆಗದ್ರ ಮುಗೀತು. ತೆಗಿಯಾಕ ಅದೇ ನಂಬರಿಗೆ ಕೋಡ್ ಬರ್ತೈತಿ. ನಿನ್ನ ಫೋನ್ ಇಲ್ಲೇ ಇಟ್ಟು ಹೋಗು.”

ಅವಳು ಪೆನ್ನು ಕೆಳಗಿಟ್ಟಳು. ಫೋನನ್ನು ಕೈಯಲ್ಲಿ ಹಿಡಿದು ಹೊರಗೆ ಬಂದಳು. ಪಿಂಚಣಿಗೆ ಬಂದ ಹೆಂಗಸರು ನೆಲದ ಮೇಲೆ ಕೂತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದಳು: ನಂಬರು ನನ್ನದು, ಹಾಕಿದವಳೂ ನಾನೇ, ತಪ್ಪೆಂದು ಗೊತ್ತಿದ್ದೂ ಸರ್ಟಿಫಿಕೇಟಿನ ಆಸೆಗೆ ಹಾಕಿದೆ. ಹಾಕು ಎಂದವರು ಒಳಗಿದ್ದಾರೆ. ಅವರು ಇಲ್ಲಿಗೆ ಬಂದು ಅದನ್ನು ಬಾಯಿಬಿಟ್ಟು ಹೇಳಲಿ, ಒಬ್ಬೊಬ್ಬರ ಕೋಡನ್ನೂ ನಾನೇ ಓದುತ್ತೇನೆ.

ಸಾಹೇಬರು ಓಡಿಬಂದರು. ಇದು ಶಿಸ್ತುಭಂಗ, ಪೊಲೀಸರನ್ನು ಕರೆಸುತ್ತೇನೆ ಎಂದರು. ಕರೆಸ್ರಿ ಎಂದು ಹಿಂದಿನಿಂದ ಯಾರೋ ಅಂದರು. ಮೈಮುನಬಿ ಗೋಡೆ ಹಿಡಿದು ಎದ್ದಳು.

“ಸಾಹೇಬ್ರ, ಆಕಿ ನಂಬರ್ ಹಾಕು ಅಂತ ನೀವು ಅಂದಾಗ ನಾ ಮುಂದ ನಿಂತಿದ್ದೆ. ನನಗ ಕಣ್ಣು ಮಂಜು ಆಗ್ಯಾವ. ಕಿವಿ ಚಲೋ ಅದಾವ.”

ಸಿದ್ದಲಿಂಗವ್ವ ಹೋಗಿ ಬ್ಯಾಂಕಿನ ಬಾಗಿಲಿಗೆ ಅಡ್ಡ ಕೂತಳು. ಉಳಿದವರೂ ಅವಳ ಬೆನ್ನಿಗೆ ಕೂತರು. ಚಹಾದ ಹೊತ್ತು ಹೋಯಿತು, ಊಟದ ಹೊತ್ತೂ ಹೋಯಿತು. ಕೊನೆಗೆ ಸಾಹೇಬರು ನೆಲ ನೋಡುತ್ತ, ಹೌದು, ನಾನೇ ಹೇಳಿದ್ದೆ ಎಂದರು. ಕೇಳಿಸಲಿಲ್ಲ ಎಂದರು ಹೆಂಗಸರು. ಇನ್ನೊಮ್ಮೆ ಹೇಳಿದರು.

ಹೇಳಿದ ಸಾಹೇಬರು ನೇರ ಒಳಗೆ ಹೋಗಿ ಸರ್ಟಿಫಿಕೇಟ್ ತಂದು, ಅವಳ ಕಣ್ಣೆದುರೇ ಎರಡು ತುಂಡು ಮಾಡಿದರು. ಬ್ಯಾಂಕಿನ ದೊಡ್ಡ ಮನಸ್ಸು ಅಷ್ಟರಲ್ಲಿಯೇ ಹರಿದಿತ್ತು.

“ನಿನ್ನ ವರ್ಷ ಹೋತು, ತಿಳ್ಕೋ.”

ಶ್ವೇತಾ ಕ್ಯಾಶಿಯರನ ಪಕ್ಕದ ಖಾಲಿ ಕುರ್ಚಿ ಎಳೆದು ಕೂತಳು. ಮೈಮುನಬಿಯ ಕೋಡು ಫೋನಿಗೆ ಬಂತು. ಓದಿ ಹೇಳಿದಳು. ಬೀಗ ತೆರೆಯಿತು.

“ಮುಂದಿನವರು ಬರ್ರಿ,” ಎಂದಳು.